ತೊಟ್ಟಿಲ ಮುಂದಿನ ಹಾಜರಿ

ಕಾಜಲ್‌ಗೆ ಗೋಕಾಕದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಬುಡಕಟ್ಟಿನವಳೆಂಬ ಸರ್ಟಿಫಿಕೇಟು ಸಿಕ್ಕಿರಲಿಲ್ಲ. ಸೋಮವಾರದೊಳಗೆ ಅದನ್ನು ಕೊಡದಿದ್ದರೆ ಸೀಟು ಬೇರೆಯವರಿಗೆ. ಆದ್ದರಿಂದ ಶುಕ್ರವಾರ ಹುಕ್ಕೇರಿಯಿಂದ ತಪಾಸಣೆಯ ಯಲ್ಲೇಶ ಸಾಹೇಬರು ನಮ್ಮ ಓಣಿಗೆ ಬಂದಾಗ, ಅವಳ ಅಜ್ಜಿಯಾದ ನಾನು ಕಾಲು ಅಲುಗಾಡದ ಕುರ್ಚಿಯನ್ನೇ ಹುಡುಕಿ ಹಾಕಿದೆ.

ಸಾಹೇಬರು ಫಾರ್ಮು ತೆಗೆದರು. “ಆಯಿ, ನಿಮ್ಮ ದೇವರು ಯಾವುದು?”

“ಯಲ್ಲವ್ವರಿ.”

“ಆಕಿ ನಮ್ಮ ಮನಿ ದೇವರೂ ಹೌದು. ಬ್ಯಾರೆ ಯಾವುದರ?”

“ಬ್ಯಾರೆ ಯಾಕ್ರಿ? ಆಕೀನ ಸಾಕಾಗ್ಯಾಳ.”

“ಊಟ?”

“ರೊಟ್ಟಿ, ಝುಣಕಾ.”

“ನಿಮ್ಮದ ಅಂತ ಒಂದು ಭಾಷಾ?”

“ಇತ್ರಿ. ಆಡಿದ್ರ ಸೆಟ್ಲಮೆಂಟಿನ ಮಾಸ್ತರ ಬೆರಳಿಗೆ ಹೊಡೀತಿದ್ದ. ಬಿಟ್ವಿ.”

“ಕುಣಿತ?”

“ಮೊಳಕಾಲ ನೋವ್ರಿ.”

ಬ್ರಿಟಿಷರು ನಮ್ಮನ್ನು ಹುಟ್ಟುಗಳ್ಳರೆಂದು ಬರೆದುಕೊಂಡು ತಂತಿಬೇಲಿಯೊಳಗೆ ಕೂಡಿಹಾಕಿದ ಜಾಗವೇ ಸೆಟ್ಲಮೆಂಟು. ಅಲ್ಲಿಗೆ ಬರುವ ಮುಂಚೆ ನಾವು ಒಂದೇ ಕುಲದ ಮಂದಿಯೂ ಆಗಿರಲಿಲ್ಲ. ಉಪ್ಪು ಹೇರುವವರು ಬೇರೆ, ಬುಟ್ಟಿ ಹೆಣೆಯುವವರು ಬೇರೆ, ಬಲೆ ಹಾಕಿ ಹಕ್ಕಿ ಹಿಡಿಯುವವರು ಬೇರೆ. ಒಂದೇ ರಜಿಸ್ಟರಿನಲ್ಲಿ ಬರೆದ ಮೇಲೆ ಒಂದೇ ಕುಲವಾದೆವು, ಹೆಣ್ಣು ಕೊಟ್ಟು ತಂದೆವು.

ಸಾಹೇಬರು ಫೈಲು ಮುಚ್ಚಿದರು. “ನೀವು ಭಾಳ ಸುಧಾರಿಸಿಬಿಟ್ಟೀರಿ, ಆಯಿ,” ಎಂದರು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. “ಇದರಾಗ ಬುಡಕಟ್ಟ ಅನ್ನೂದು ಏನೂ ಕಾಣವಲ್ದು.” ಕಾಜಲ್ ಗೋಡೆ ಕಡೆ ತಿರುಗಿದಳು.

ಆಗ ಬಾಜೂ ಮನೆಯಲ್ಲಿ ಸೀಟಿ ಕೇಳಿತು. ಅಂದು ಸೋಮಲಿಂಗನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ಸೋಮಲಿಂಗ ಖಾಕಿ ಟೊಪ್ಪಿಗೆ ಹಾಕಿ, ಕೈಯಲ್ಲಿ ಬಡಿಗೆ ಹಿಡಿದು ಕೂಗತೊಡಗಿದ್ದ.

“ಹಣಮವ್ವ!”

“ಹಾಜರ್!”

“ರಾಹುಲ! ಲೇ, ಮೊಬೈಲ್ ಕೆಳಗಿಡಲೇ!”

“ಹಾಜರ್!”

ಓಣಿಯವರೆಲ್ಲರ ಹೆಸರಾದ ಮೇಲೆ ಕೊನೆಗೆ ಕೂಸಿನ ಹೆಸರು. ತಾಯಿ ಅದನ್ನೆತ್ತಿ, ಅದರ ಪರವಾಗಿ ಹಾಜರ್ ಎನ್ನಬೇಕು. ಅಲ್ಲಿಯತನಕ ಅದು ನಮ್ಮ ಕೂಸಲ್ಲ, ಹುಗ್ಗಿಯೂ ಬಡಿಸುವುದಿಲ್ಲ.

ಸಾಹೇಬರು ಒಂದೇ ಚಪ್ಪಲಿಯಲ್ಲಿ ಅಲ್ಲಿಗೆ ಓಡಿದರು. ನಾನು, ಕಾಜಲ್ ಇಬ್ಬರೂ ಹಿಂದೆ ಹೋಗಿ ತೊಟ್ಟಿಲ ಹತ್ತಿರ ಕೂತೆವು. “ಇದ! ಇದ ಬೇಕಾಗಿತ್ತು ನೋಡ್ರಿ!” ಮೊಬೈಲು ಎತ್ತಿ ಹಿಡಿದು ಸೋಮಲಿಂಗನನ್ನು ಕೇಳಿದರು, “ಎಂದಿನಿಂದ ಐತಿ ಈ ಪದ್ಧತಿ?”

“ನಮ್ಮ ಮುತ್ತ್ಯಾನ ಕಾಲದಿಂದ್ರಿ.”

‘ಅನಾದಿ ಕಾಲದಿಂದ’ ಎಂದು ಬರೆದುಕೊಂಡರು.

“ಸಾಹೇಬ್ರ, ಅದು ನಮ್ಮದಲ್ರಿ,” ಎಂದೆ. “ಸರಕಾರದ್ದು. ದಿನಕ್ಕ ಮೂರ ಸಲ ಪೊಲೀಸರು ಸೀಟಿ ಊದಿ ನಮ್ಮನ್ನ ಎಣಿಸ್ತಿದ್ರು. ಕೂಸು ಹುಟ್ಟಿದ್ರ ಅದನ್ನೂ ಬರಕೋತಿದ್ರು.”

ಕಾಜಲ್ ಚಿವುಟಿದಳು. “ಸುಮ್ನಿರ ಆಯಿ!”

ಸಾಹೇಬರು ನನ್ನ ಮೇಲೆ ಮರುಕಪಟ್ಟರು. “ನಿಮ್ಮ ಸಂಸ್ಕೃತಿ ಬೆಲಿ ನಿಮಗ ಗೊತ್ತಿಲ್ಲ.” ಆಮೇಲೆ ವಂಶಾವಳಿಯ ಹಾಳೆಯಲ್ಲಿ ನನ್ನ ಹೆಸರು ನೋಡಿ ಹುಬ್ಬು ಗಂಟಿಕ್ಕಿದರು. “ಅಲ್ಲವ್ವ ಅಂದ್ರ ನೀವ ಅಲ್ಲೇನ್ರಿ? ನಿಮ್ಮ ಹೆಸರ ಕೂಗಲೇ ಇಲ್ಲ?”

“ಆಕಿ ಓ ಅನ್ನೂದಿಲ್ರಿ,” ಎಂದ ಸೋಮಲಿಂಗ.

ಬೇಲಿ ಕಿತ್ತ ದಿನ ನನಗೆ ಎಂಟು ವರ್ಷ. ಅಪ್ಪ ನನ್ನನ್ನು ಕೈಹಿಡಿದು ಹೊರಗೆ ತಂದು, “ಇನ್ನ ಹಾಜರಿಗೆ ಯಾರ ಕೂಗಿದ್ರೂ ಓ ಅನಬ್ಯಾಡ, ಮಗಳ,” ಎಂದಿದ್ದ. ಎಪ್ಪತ್ತು ವರ್ಷದ ಮೇಲಾಯಿತು, ಅಂದಿಲ್ಲ. ನನ್ನ ಮದುವೆಯಲ್ಲಿ ಹಾಜರಿ ಕೂಗಿದಾಗಲೂ ಅನ್ನಲಿಲ್ಲ. ಓಣಿಯವರು ಸೊಕ್ಕು ಎಂದು ಬಿಟ್ಟುಬಿಟ್ಟಿದ್ದರು.

“ಮನಿ ಹಿರ್‍ಯಾಳ ಪದ್ಧತಿ ನಡಸದಿದ್ರ ನಾ ಏನ ಬರೀಲಿ? ಮೊಮ್ಮಗಳ ಕಾಗದ ಅಲ್ಲೇ ನಿಂದರತೈತಿ,” ಎಂದರು ಸಾಹೇಬರು.

ಕಾಜಲ್ ಸಣ್ಣವಳಿದ್ದಾಗಿನಂತೆ ನನ್ನ ಸೆರಗಿನ ತುದಿ ಹಿಡಿದುಕೊಂಡಳು.

ಸೋಮಲಿಂಗ ಮೆಲ್ಲಗೆ ಕೂಗಿದ. “ಅಲ್ಲವ್ವ.”

“ಹಾಜರ್.”

ತೊಟ್ಟಿಲು ತೂಗುತ್ತಿದ್ದವರ ಕೈ ನಿಂತಿತು. ಸಾಹೇಬರು ಮೊಬೈಲು ನೋಡಿಕೊಂಡರು. “ಆಯಿ, ದನಿ ಬಂದಿಲ್ಲ. ಇನ್ನೊಮ್ಮಿ ಅನ್ರಿ, ಜೋರಾಗಿ.”

ನಾನು ಎದ್ದು ನಿಂತೆ.

“ಹಿಂಗ ಎದ್ದ ನಿಂದರೂದೂ ಪದ್ಧತೀನ?”

“ಹೌದ್ರಿ. ಕೂತ್ರ ಬಡೀತಿದ್ರು.”

ಅವರು ‘ಹೌದು’ ಎಂಬುದನ್ನಷ್ಟೇ ಬರೆದುಕೊಂಡರು. ಸೋಮಲಿಂಗ ಮತ್ತೆ ಕೂಗಿದ. ಈ ಸಲ ಹುಕ್ಕೇರಿ ಬಸ್ಸಿಗೆ ನಿಂತವರಿಗೂ ಕೇಳುವಂತೆ ಹಾಜರ್ ಅಂದೆ. ಆಮೇಲೆ ಕೂಸಿನ ಸರದಿ ಬಂತು.