ಬಲಗಡೆಯ ಗುಡಿ

ಅಂಚೆಚೀಟಿಯ ಮೊದಲ ಹಾಳೆ ಯಂತ್ರದಿಂದ ಹೊರಬಂದಾಗ, ಅದರಲ್ಲಿದ್ದ ದೇವಸ್ಥಾನವನ್ನು ಕೆತ್ತಿದವಳಿಗೇ ಅದರ ಗುರುತು ಹತ್ತಲಿಲ್ಲ.

ಉಕ್ಕಿನ ಅಚ್ಚಿನಲ್ಲಿ ಎಲ್ಲವನ್ನೂ ಎಡಬಲ ಅದಲುಬದಲಾಗಿ ಕೊರೆಯಬೇಕು. ಕಾಗದಕ್ಕೆ ಒತ್ತಿದಾಗ ತಾನೇ ಸರಿಹೋಗುತ್ತದೆ. ಮೂಲ ಫೋಟೊವನ್ನು ಕನ್ನಡಿಯಲ್ಲಿ ನೋಡಿಕೊಂಡು, ಭೂತಗನ್ನಡಿಗೆ ಕಣ್ಣು ಅಂಟಿಸಿ, ಅವಳು ತಿಂಗಳುಗಟ್ಟಲೆ ಆ ಪುರಾತನ ಶಿವಾಲಯದ ಕಂಬ, ಕಳಸ, ಮೆಟ್ಟಿಲುಗಳನ್ನು ಗೆರೆಗೆರೆಯಾಗಿ ಕೊರೆದಿದ್ದಳು. ಅಷ್ಟು ದಿನವೂ ಅವಳ ಕಣ್ಣಿಗೆ ಶಿವಾಲಯದ ಪಕ್ಕದ ಪುಟ್ಟ ಗುಡಿ ಎಡಗಡೆ ಇತ್ತು. ಈಗ ಹಾಳೆಯಲ್ಲಿ ಬಲಗಡೆ ಕೂತಿದೆ.

"ಏನಮ್ಮಾ, ಹೆತ್ತ ಮಗೂನ ಯಾರಾದ್ರೂ ಹೀಗೆ ನೋಡ್ತಾರಾ?" ಎಂದರು ಮುದ್ರಣದ ಮುಖ್ಯಸ್ಥರು. ಒಂದು ಕ್ಷಣ ಅತ್ತಿತ್ತ ಆಗಲು ಬಿಡದ ಅವರಿಗೆ ಅಲ್ಲಿಯವರು ಗಡಿಯಾರ ಎಂದು ಹೆಸರಿಟ್ಟಿದ್ದರು.

"ಕಣ್ಣಿಗೆ ಹೊಸದು ಸರ್. ಅಷ್ಟೆ."

"ಹಾಗಾದ್ರೆ ಊಟ ಮುಗಿಸಿ ಯಂತ್ರ ಶುರು ಮಾಡ್ತೀನಿ. ಆಮೇಲೆ ನಿಲ್ಸಿ ಅಂದ್ರೆ ನನ್ನ ಕಿವಿ ಕೇಳಲ್ಲ."

ಇದು ಅವಳು ಒಬ್ಬಳೇ ಕೆತ್ತಿದ ಮೊದಲ ಅಚ್ಚು. ಕೆಲಸ ಕಲಿಸಿದ ಹಿರಿಯರು ನಿವೃತ್ತರಾಗುವ ತನಕ ಅವಳ ಪಾಲಿಗೆ ಬರುತ್ತಿದ್ದದ್ದು ಅಂಚು, ಅಕ್ಷರ, ಹೆಚ್ಚೆಂದರೆ ಒಂದು ಮರ.

ಮುದ್ರಣಾಲಯದ ಒಳಗೆ ಫೋನ್ ಒಯ್ಯುವಂತಿರಲಿಲ್ಲ; ಗೇಟಿನ ಕಾವಲುಗಾರನ ಬಳಿ ಬಿಡಬೇಕು. ಊಟದ ಹೊತ್ತಿಗೆ ಹೋಗಿ ತೆಗೆದುಕೊಂಡಳು. ಚೀಟಿ ಬರುವ ಸುದ್ದಿ ಪತ್ರಿಕೆಯಲ್ಲಿ ಓದಿದ ಅಕ್ಕ ಒಂದು ಫೋಟೊ ಕಳಿಸಿದ್ದಳು. ಮದುವೆಯಾದ ಹೊಸದರಲ್ಲಿ ಅಕ್ಕ, ಭಾವ ಅದೇ ಶಿವಾಲಯಕ್ಕೆ ಹೋಗಿದ್ದಾಗಿನದು. ಮುಂದೆ ಇಬ್ಬರ ಹಲ್ಲುಕಿರಿಯುವ ಮುಖ, ಹಿಂದೆ ಶಿವಾಲಯ. ಕೆಳಗೆ ಬರೆದಿದ್ದಳು: "ನೀನು ಕೆತ್ತೋಕೆ ಮುಂಚೆ ನಾವು ನೋಡಿದ್ವಿ."

ಪುಟ್ಟ ಗುಡಿ ಎಡಗಡೆ ಇತ್ತು.

ಅವಳು ಆ ಜಾಗವನ್ನು ಕಣ್ಣಾರೆ ಕಂಡವಳಲ್ಲ. ನೆಚ್ಚಿಕೊಂಡದ್ದು ಸಂಗ್ರಹಾಲಯದವರು ಕೊಟ್ಟ ಒಂದು ಫೋಟೊವನ್ನು. ಅದು ಹಳೆಯ ಗಾಜಿನ ಫಲಕದಿಂದ ತೆಗೆದ ಪ್ರತಿ. ಪ್ರತಿ ತೆಗೆದವನು ಗಾಜನ್ನು ಮಗುಚಿ ಇಟ್ಟಿದ್ದರೆ ಇಡೀ ದೇವಸ್ಥಾನ ಎಡಬಲ ತಿರುಗಿರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಚೀಟಿ ಬಿಡುಗಡೆಯಾದ ದಿನ ಮಾತ್ರ ಆ ಊರಿನ ಪ್ರತಿಯೊಬ್ಬನಿಗೂ ತಿಳಿಯುತ್ತದೆ.

ಅನ್ನ ಕಲಸುತ್ತಿದ್ದ ಗಡಿಯಾರವನ್ನು ಅವಳು ಗೇಟಿನ ತನಕ ಎಳೆದುಕೊಂಡೇ ಬಂದಳು. ಅವರು ಎಂಜಲು ಕೈಯನ್ನು ಆಚೆ ಹಿಡಿದು ಫೋನಿನೊಳಗೆ ಇಣುಕಿದರು. ಮುಖದ ಕಳೆ ಇಳಿಯಿತು.

"ಬೆಳಿಗ್ಗೆ ಹೇಳೋಕೆ ಏನಾಗಿತ್ತು ತಾಯಿ?"

"ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ."

"ಹೊಸ ಅಚ್ಚು ಅಂದ್ರೆ ಮತ್ತೆ ತಿಂಗಳುಗಟ್ಲೆ. ನಿನಗಿನ್ನು ಮರ ಕೆತ್ತೋಕೂ ಕೊಡಲ್ಲ, ಗೊತ್ತಲ್ಲ?"

"ಗೊತ್ತು. ಆದ್ರೂ ಯಂತ್ರ ಶುರು ಮಾಡ್ಬೇಡಿ."

ಅವರು ತಲೆಯಾಡಿಸಿದರು. ಗುಡಿಯನ್ನು ಇನ್ನೊಮ್ಮೆ ನೋಡಬೇಕೆಂದು ಅವಳು ಚಿತ್ರ ಹಿಗ್ಗಿಸಿದಳು. ಬೆರಳು ತಪ್ಪಿ ಭಾವನ ಎದೆ ಪರದೆ ತುಂಬಿತು. ಅಂಗಿಯ ಜೇಬು, ಅದರಲ್ಲಿ ಪೆನ್ನು. ಸರಿಸಲು ಹೋದವಳು ಹಾಗೇ ನಿಂತಳು. ನಂತರ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಭಾವ ಜೇಬನ್ನ ಬಲಗಡೆ ಹೊಲಿಸ್ಕೊಳ್ತಾರಾ?"

"ಏನೇ ನಿನಗೆ, ಬಿಸಿಲು ತಲೆಗೇರಿದೆಯಾ? ಎಲ್ಲಾ ಗಂಡಸರಿಗೂ ಇರೋ ಕಡೆನೇ ಅವರಿಗೂ ಇರೋದು. ಎಡಗಡೆ."

"ಈ ಫೋಟೊ ಯಾರು ತೆಗೆದಿದ್ದು?"

"ಅವರೇ, ಕೈ ಉದ್ದ ಮಾಡಿ. ಹೊಸ ಫೋನ್ ಹುಚ್ಚು. ನನ್ನ ಅರ್ಧ ಕಿವಿ ಹಾರಿಸಿದಾರೆ, ನೋಡು."

ಅವಳು ಗೇಟಿನ ಕಟ್ಟೆಯ ಮೇಲೆ ಕೂತಳು. ಕೈ ಚಾಚಿ ತಮ್ಮನ್ನೇ ತೆಗೆದುಕೊಂಡ ಚಿತ್ರ. ಆ ಫೋನು ಅದನ್ನು ಕನ್ನಡಿಯಂತೆ ತಿರುಗಿಸಿ ಉಳಿಸಿಕೊಂಡಿತ್ತು. ತಿರುಗಿದ್ದು ಭಾವ, ಜೇಬು, ಜೊತೆಗೆ ಅವರ ಹಿಂದಿನ ಶಿವಾಲಯ. ತಿರುಗುಮುರುಗು ಚಿತ್ರಗಳಲ್ಲೇ ಅನ್ನ ದುಡಿದುಕೊಳ್ಳುವವಳಿಗೆ ಅದು ಇಷ್ಟು ಹೊತ್ತು ಹೊಳೆದಿರಲಿಲ್ಲ.

"ಸರ್, ನಿಮ್ಮ ಜೇಬು ನೋಡ್ಕೊಳ್ಳಿ."

ಗಡಿಯಾರ ಬಗ್ಗಿ ತಮ್ಮ ಎದೆ ನೋಡಿಕೊಂಡರು, ಫೋನು ನೋಡಿದರು, ಮತ್ತೆ ಎದೆ ನೋಡಿಕೊಂಡರು. ನಂಬಿಕೆ ಸಾಲದೆ ಕಾವಲುಗಾರನ ಕಡೆ ತಿರುಗಿದರು.

"ನನ್ನ ನೋಡ್ಬೇಡಿ ಸ್ವಾಮಿ, ನನಗೆ ಎರಡೂ ಕಡೆ ಕೊಟ್ಟಿದಾರೆ," ಎಂದ ಅವನು.

"ಗುಂಡಿ ನೋಡೋಣ," ಎಂದರು ಅವರು. ಫೋಟೊದಲ್ಲಿ ಭಾವನ ಅಂಗಿಯ ಗುಂಡಿಗಳೂ ಹೆಂಗಸರ ಅಂಗಿಯಂತೆ ತಿರುಗುಮುರುಗಾಗಿ ಮುಚ್ಚಿದ್ದವು. ಅವರು ಉಸಿರು ಬಿಟ್ಟರು. "ಹಾಗಾದ್ರೆ ಗುಡಿ ಬಲಗಡೆನೇ."

"ಬಲಗಡೆನೇ ಸರ್."

"ಚೀಟಿಲೂ ಬಲಗಡೆ."

"ಹೌದು."

"ಅನ್ನ ಆರಿಹೋಯ್ತು," ಎಂದು ಗೊಣಗುತ್ತ ಅವರು ಒಳಗೆ ನಡೆದರು. ಆ ಗೊಣಗು ಅವಳ ಕಿವಿಗೆ ಹಿತವಾಗಿತ್ತು.

ಫೋನಿನಲ್ಲಿ ಅಕ್ಕ ಇನ್ನೂ ಇದ್ದಳು. "ಏನೇ ಅದು, ನನಗೂ ಹೇಳು."

ಅವಳು ಹೇಳಿದಳು.

"ಅಂದ್ರೆ ಇಷ್ಟು ವರ್ಷ ಚೌಕಟ್ಟು ಹಾಕ್ಸಿ ಗೋಡೆಗೆ ಹೊಡೆದಿರೋದು ಉಲ್ಟಾ ದೇವಸ್ಥಾನಾನಾ?"

"ಉಲ್ಟಾ ಗಂಡನೂ."

"ಅವರು ಹೇಗೆ ತಿರುಗಿಸಿದ್ರೂ ಅಷ್ಟೆ ಬಿಡು," ಎಂದಳು ಅಕ್ಕ. ಇಬ್ಬರೂ ನಕ್ಕರು.

ಒಳಗೆ ಯಂತ್ರದ ಸದ್ದು ಎದ್ದಿತು. ಗಡಿಯಾರ ಇವತ್ತು ಸ್ವಲ್ಪ ಹಿಂದೆ ಬಿದ್ದಿತ್ತು. ಅವಳು ಫೋನನ್ನು ಕಾವಲುಗಾರನಿಗೆ ಒಪ್ಪಿಸಿ, ತೆರೆಯದೇ ಇದ್ದ ಊಟದ ಡಬ್ಬಿಯನ್ನು ಹುಡುಕಿಕೊಂಡು ಹೋದಳು.