ಅತ್ತೆಯ ಎದುರಿಗೆ

"ಗಾಳಿ ಹೋತೇನೋ ಗೂಳಪ್ಪಾ?"

ನರ್ಸ್ ಗೋದುಬಾಯಿ ಬಾಗಿಲಿನಿಂದಲೇ ಕೇಳಿದಳು. ವಾರ್ಡಿನ ಕೊನೆಯ ಮಂಚಕ್ಕೂ ಮುಟ್ಟುವ ದನಿ ಅವಳದು. ಗೂಳಪ್ಪ ತಲೆ ಅಲ್ಲಾಡಿಸಿ ಇಲ್ಲವೆಂದ. ಅವನ ಕಾಲ್ದೆಸೆಯಲ್ಲಿ ನೆಲದ ಮೇಲೆ ಕೂತಿದ್ದ ಅತ್ತೆ ಸತ್ತೆವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಅವನು ಹೇಳಿದ್ದು ಸುಳ್ಳು. ನಸುಕಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಅದು ಹೋಗಿತ್ತು. ಕಂಬಳಿ ಹೊದ್ದು ಮಲಗಿದ್ದ ಸತ್ತೆವ್ವ ಕಿವಿಯಾರೆ ಕೇಳಿದ್ದಳು. ಅತ್ತೆಗೆ ಎಚ್ಚರವಾಗದಿರಲೆಂದು ಅವನು, ತನಗೆ ಎಚ್ಚರವಿದ್ದದ್ದು ಅಳಿಯನಿಗೆ ತಿಳಿಯದಿರಲೆಂದು ಅವಳು, ಇಬ್ಬರೂ ಮಿಸುಕಾಡದೆ ಬೆಳಗು ಮಾಡಿದ್ದರು.

ಗೂಳಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುವವ. ಕರುಳು ತಿರುಚಿಕೊಂಡು ಸಾಯುವ ಹಾಗಾಗಿ, ಹೊಟ್ಟೆ ಕೊಯ್ದು ಸರಿಮಾಡಿದ್ದರು. ಕರುಳು ಮತ್ತೆ ಕೆಲಸಕ್ಕೆ ಹತ್ತಿತೆಂಬುದಕ್ಕೆ ಗಾಳಿ ಹೋಗುವುದೇ ಗುರುತು. ಅಲ್ಲಿಯವರೆಗೆ ಒಂದು ಗುಟುಕು ನೀರೂ ಇಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರು, ಅಷ್ಟೇ. ತುಟಿ ಬಿರಿದು ಹೊಟ್ಟಿನಂತಾಗಿತ್ತು.

ಅವನಿಗೆ ತಾಯಿ ಇಲ್ಲ. ಹೆಂಡತಿ ಮಾಲವ್ವ ಸಾಂಬ್ರಾಣಿ ಎಂಬ ಊರಿನ ತವರಿನಲ್ಲಿ ಹಸೀ ಬಾಣಂತಿ, ಕೂಸಿಗಿನ್ನೂ ಹೆಸರಿಟ್ಟಿಲ್ಲ. ಹಾಗಾಗಿ ಸತ್ತೆವ್ವನೇ ಬರಬೇಕಾಯಿತು. ಅಕ್ಕನ ಮಗಳನ್ನೇ ಮಾಡಿಕೊಂಡಿದ್ದರೆ ಅತ್ತೆಯೆಂದರೆ ಅಕ್ಕನೇ. ಎದುರಿಗೆ ಕೂತು ಉಣ್ಣಬಹುದು, ಜಗಳವನ್ನೂ ಆಡಬಹುದು. ಇದು ಹೊರಗಿನ ಬೀಗತನ. ಮದುವೆಯಾದಾಗಿನಿಂದ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಿದವರಲ್ಲ. ಇಲ್ಲಿಯೂ ಮಾತೆಲ್ಲ ಪಕ್ಕದ ಮಂಚದ ಅಂದಾನೆಪ್ಪನ ಮೂಲಕ. ಕಾಲ ಮೇಲೆ ದಿಮ್ಮಿ ಉರುಳಿ ಬಿದ್ದು ಅವನು ಅಲ್ಲಿದ್ದ.

"ಹೊದಿಕಿ ಬೇಕೇನಂತ ಕೇಳಪ್ಪಾ," ಎಂದು ಸತ್ತೆವ್ವ ಗೋಡೆಗೆ ಹೇಳುವಳು.

"ಏ ಗೂಳ್ಯಾ, ಹೊದಿಕಿ ಬೇಕೇನಂತ ಗ್ವಾಡಿ ಕೇಳಾಕತ್ತೈತಿ ನೋಡು," ಎನ್ನುವನು ಅಂದಾನೆಪ್ಪ.

ಗೋದುಬಾಯಿ ಮಂಚದ ಬಳಿ ಬಂದು ಗೂಳಪ್ಪನ ಹೊಟ್ಟೆಯ ಮೇಲೆ ದಿಂಬು ಇಟ್ಟಳು. "ಗಟ್ಟಿ ಅವಚಿ ಹಿಡಿ. ಉಸರ ಒಳಗ ತಗೋ. ಹಾಂ, ಈಗ ಕೆಮ್ಮು. ಎದಿಯಾಗ ಕಫ ಕುಂದರಬಾರ್ದು." ಅವನು ಹಲ್ಲು ಕಚ್ಚಿ ಕೆಮ್ಮಿದ. "ಮಣಕಾಲ ಮಡಚು. ಚಾಚು. ಮಗ್ಗಲಾಗು. ಹೊಲಿಗಿ ಬಿಚ್ಚೂದಿಲ್ಲೋ, ಹೆದರಬ್ಯಾಡ." ಆಮೇಲೆ ಎಬ್ಬಿಸಿ, ಮಂಚದ ಅಂಚು ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದಳು. "ಇಷ್ಟೆಲ್ಲಾ ಯಾತಕ್ಕ? ಕರಳಿಗೆ ಹಾದಿ ಸಿಗ್ಲಿ ಅಂತ. ಹೋದ್ರ ಹೇಳಬೇಕಪ್ಪಾ, ಇದ್ರಾಗ ನಾಚಗಿ ಎಂಥಾದ್ದು!"

ಗೂಳಪ್ಪ ಛಾವಣಿ ನೋಡಿದ. ಸತ್ತೆವ್ವ ಎದ್ದು ತಂಬಿಗೆ ತೊಳೆಯುವ ನೆಪದಲ್ಲಿ ನಳದ ಕಡೆ ನಡೆದಳು. ತಾನಿಲ್ಲದಾಗಲಾದರೂ ಹೇಳಿಯಾನು ಎಂಬ ಆಸೆ.

"ಎಲ್ಲಿ ಹೊಂಟೀ ಆಯೀ? ಬಾ ಇಲ್ಲೆ. ದಿಂಬು ಹೆಂಗ ಹಿಡಿಸಬೇಕು ನೋಡಿಕೋ," ಎಂದು ಗೋದುಬಾಯಿ ವಾಪಸು ಕರೆದಳು.

ಡಾಕ್ಟರು ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪಿನ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ತಾವೂ ಅದನ್ನೇ ವಿಚಾರಿಸಿದರು. ಗೂಳಪ್ಪನ ಕಣ್ಣು ಕಾಲ್ದೆಸೆಗೆ ಹೋಗಿ ಬಂತು. "ಇಲ್ರೀ," ಎಂದ.

"ಕರಳಿನ ಸಪ್ಪಳ ಅಷ್ಟಷ್ಟ ಐತಿ. ಸಂಜೀತನಕ ನೋಡೂಣು. ಇಲ್ಲಂದ್ರ ಹುಬ್ಬಳ್ಳಿಗೆ ಕಳಸೂದು. ಮತ್ತ ಹೊಟ್ಟಿ ಬಿಚ್ಚಿ ನೋಡಬೇಕಾಗ್ತೈತಿ."

ಅವರು ಅತ್ತ ಹೋದದ್ದೇ ಅಂದಾನೆಪ್ಪ ನಾಲಿಗೆ ಲೊಚಗುಟ್ಟಿದ. "ಹುಬ್ಬಳ್ಳಿ ಹಾದಿ ಅಂದ್ರ ಏನಂತ ತಿಳದೀ? ಹಳ್ಯಾಳ ಮುಟ್ಟೂದ್ರಾಗ ನಿನ್ನ ಹೊಲಿಗಿ ಹರಕ ಚೀಲದಂಗ ಬಿಚ್ಚತಾವು. ನಂದು ದಿನಾ ಬೇಕಾದಷ್ಟು ಗಾಳಿ ಹೋಗ್ತೈತಿ, ಒಂದೀಟು ಹಂಚಿಕೊಳ್ಳಾಕ ಬರೂದಿಲ್ಲ ನೋಡು!"

ಯಾರೂ ನಗಲಿಲ್ಲ. ಸತ್ತೆವ್ವ ತಂಬಿಗೆ ಬದಿಗಿಟ್ಟು ಕೂತಳು. ಹೇಳಿದರೆ ಅಳಿಯ ಇನ್ನೆಂದೂ ತನ್ನ ಮನೆಯ ಹೊಸ್ತಿಲು ತುಳಿಯಲಾರ. ಹೇಳದಿದ್ದರೆ, ಕೊಯ್ದ ಹೊಟ್ಟೆಯನ್ನೇ ಮತ್ತೆ ಕೊಯ್ಯುತ್ತಾರೆ. ಒಂದು ಸಲ ಉಳಿದವನು ಎರಡನೆಯ ಸಲವೂ ಉಳಿಯುತ್ತಾನೆಂದು ಯಾರು ಬರೆದುಕೊಟ್ಟಾರು? ಮನೆಯಲ್ಲಿ ಮಾಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ.

ಅವಳು ಎದ್ದು ವರಾಂಡಕ್ಕೆ ಹೋಗಿ ಗೋದುಬಾಯಿಯ ತೋಳು ಹಿಡಿದಳು.

"ಹೋಗೈತ್ರಿ ಬಾಯಿ," ಎಂದಳು, ಪಿಸುದನಿಯಲ್ಲಿ.

"ಏನು?"

"ನೀವು ಕೇಳ್ತೀರೆಲ್ಲಾ, ಅದು. ನಸಕಿನ್ಯಾಗ. ನಾ ಎಚ್ಚರಿದ್ನಿ. ಅವ್ರಿಗೆ ನನ್ನ ಮುಂದ ಹೇಳಾಕ ಬಾಯಿಲ್ಲ. ನಾ ಹೇಳಿದ್ನಿ ಅನಬ್ಯಾಡ್ರಿ, ನಿಮ್ಮ ಪಾದಕ್ಕ ಬೀಳ್ತೇನಿ."

ಗೋದುಬಾಯಿ ಅರೆಗಳಿಗೆ ಅವಳ ಮುಖವನ್ನೇ ನೋಡಿದಳು. ಮರುಕ್ಷಣ ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. "ಡಾಕ್ಟರ್! ಗೂಳಪ್ಪಗ ಹೋಗೈತಂತ್ರಿ! ಅವ್ರ ಅತ್ತಿ ಕೇಳ್ಯಾಳಂತ!"

ಅಂದಾನೆಪ್ಪ ಬಾಯಿಗೆ ಹೊದಿಕೆ ತುರುಕಿಕೊಂಡ. ಗೂಳಪ್ಪ ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಅವನ ಕಿವಿ ಕೆಂಪಾಗಿದ್ದು ದೂರದಿಂದಲೂ ಕಾಣುತ್ತಿತ್ತು.

ಡಾಕ್ಟರು ಮತ್ತೆ ಬಂದರು, ಮತ್ತೆ ನಳಿಗೆ ಇಟ್ಟರು. ಖರೇ ಏನು ಎಂದು ಕೇಳಿದಾಗ ಅವನು ಗೋಡೆಗೇ ಹೂಂಗುಟ್ಟಿದ. ಚಮಚೆ ಚಮಚೆಯಾಗಿ ನೀರು ಕೊಡಿ ಎಂದರು. ಗೋದುಬಾಯಿ ಬಟ್ಟಲಲ್ಲಿ ಆರಿದ ನೀರು ತಂದಳು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು. ಬಟ್ಟಲನ್ನು ಸತ್ತೆವ್ವನ ಕೈಗೆ ಕೊಟ್ಟು ಓಡಿದಳು.

ಸತ್ತೆವ್ವ ಚಮಚೆ ತುಂಬಿ ನಿಂತಳು. ಅಳಿಯನ ಬೆನ್ನು ಕದಲಲಿಲ್ಲ. ಅಂದಾನೆಪ್ಪನ ಕಡೆ ನೋಡಿದಳು. ಅವನು ಈಗ ನಗುತ್ತಿರಲಿಲ್ಲ, ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಮಲಗಿದ್ದ.

"ಈ ಕಡಿ ಹೊಳ್ರಿ," ಎಂದಳು ಸತ್ತೆವ್ವ. "ನೀರು ಚೆಲ್ಲಾಕತ್ತೈತಿ."

ಗೂಳಪ್ಪ ದಿಂಬನ್ನು ಹೊಟ್ಟೆಗೆ ಅವಚಿಕೊಂಡ, ಮೊಣಕಾಲು ಮಡಚಿದ, ಮೆಲ್ಲಗೆ ಈ ಮಗ್ಗಲಿಗೆ ಹೊರಳಿದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಬಾಯಿ ತೆರೆದ. ಅವಳೂ ಕಿಟಕಿಯ ಕಡೆ ನೋಡುತ್ತ ಚಮಚೆ ಬಗ್ಗಿಸಿದಳು. ಅರ್ಧ ಗದ್ದದ ಮೇಲೆ ಹರಿದು ಹೋಯಿತು.

ಎರಡನೆಯ ಚಮಚೆಯನ್ನು ಅವನ ಮುಖ ನೋಡಿ ಹಾಕಿದಳು.