‘ಇರಲಿ’ ಎಂಬ ಗುರುತು

ಅದು ಪೂರ್ಣವಿರಾಮವೋ ನೊಣದ ಹಿಕ್ಕೆಯೋ — ಉಗುರಿನಿಂದ ಕೆರೆದು ನೋಡಿದಳು, ಎದ್ದು ಬಂತು, ನೊಣದ್ದೇ, ಇಪ್ಪತ್ತೆರಡು ವರ್ಷ ಕರಡು ತಿದ್ದಿ ಪಳಗಿದ ಕಣ್ಣಿಗೂ ಯಃಕಶ್ಚಿತ್ ನೊಣ ಮಣ್ಣೆರಚುತ್ತದೆ, ಎದುರಿನ ಸ್ಟೂಲಿನಲ್ಲಿ ಗಿಳಿ ಹಸ್ತಪ್ರತಿಯನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಲೇ ಇದ್ದಾಳೆ, ದಿನವಿಡೀ ಪರರ ಮಾತನ್ನು ಗಟ್ಟಿಯಾಗಿ ಓದುವುದೇ ಅವಳ ಉದ್ಯೋಗ, ಆದ್ದರಿಂದಲೇ ಆ ಅಡ್ಡಹೆಸರು, ಅವಳು ಓದಬೇಕು, ಇವಳು ಅಚ್ಚಾದ ಹಾಳೆಯ ಮೇಲೆ ಕೆಂಪು ಪೆನ್ನು ಹಿಡಿದು ಒಂದೊಂದಕ್ಷರವನ್ನೂ ಹಿಂಬಾಲಿಸಬೇಕು, ಮಧ್ಯಾಹ್ನದ ಗಂಟೆಗೆ ಮೊದಲು ಸಹಿಯಾಗಬೇಕು, ಸಹಿಯಾದರೆ ಯಂತ್ರಕ್ಕೆ, ಯಂತ್ರಕ್ಕೆ ಹೋದದ್ದು ಹಿಂದಿರುಗುವುದಿಲ್ಲ. ಅಬ್ಬಾ, ಯಾರಕ್ಕಾ ಇದನ್ನ ಬರ್ದಿದ್ದು, ಅಕ್ಷರ ಎಲ್ಲಾ ಎಡಕ್ಕೆ ವಾಲ್ಕೊಂಡಿವೆ, ಒಬ್ಬರಿಗೊಬ್ಬರು ಆತುಕೊಂಡು ನಿಂತಿರೋ ಕುಡುಕರ ಥರ — ಓದೇ ತಾಯಿ, ಹೊತ್ತಾಯ್ತು — ಓದ್ತೀನಿ, ನನ್ನ ಕತ್ತೂ ವಾಲಿದ್ರೆ ನೀವೇ ಜವಾಬ್ದಾರಿ. ಇವಳಿಗೆ ನಗು ಬರಲಿಲ್ಲ, ಬೆಳಿಗ್ಗೆ ತಮ್ಮನೂ ಬಾಗಿಲಲ್ಲಿ ನಿಂತು ಇಂಥದೇ ತಮಾಷೆ ಮಾಡಿದ್ದ, ಇವತ್ತಿನ ಪುಸ್ತಕದಲ್ಲಿ ತಪ್ಪು ಹುಡುಕ್ಬೇಡ ಅಕ್ಕಾ, ಕಣ್ಣಿಗೂ ಒಂದಿನ ರಜಾ ಕೊಡು, ಇವತ್ತಿನ ಪುಸ್ತಕವೆಂದರೆ ಫೋರ್ಮನ್ನರ ಬೀಳ್ಕೊಡುಗೆಯ ಸಂಚಿಕೆ, ಮುದ್ರಣಾಲಯದ ಫೋರ್ಮನ್, ಚರ್ಚಿನ ಸಭೆಯ ಹಿರಿಯರು, ಭಾನುವಾರದ ಆರಾಧನೆಯಲ್ಲಿ ರೊಟ್ಟಿಯ ತಟ್ಟೆ ಹಿಡಿಯುವ ಕೈ, ಗಿಳಿ ಗಂಟಲು ಸರಿಮಾಡಿಕೊಂಡು ಓದಿದಳು, ಅವರ ಕೈಕೆಳಗೆ ದುಡಿದ ಯಾರಿಗೂ ಒಂದು ಗಾಯವಾದದ್ದಿಲ್ಲ.

ಗಾಯವಾದದ್ದಿಲ್ಲ — ಪೆನ್ನು ನಿಂತಿತು, ಹಾಗಾದರೆ ಆ ನಾಲ್ಕು ಚುಕ್ಕೆಗಳು ಯಾರವು, ಹನ್ನೊಂದು ವರ್ಷದ ಹಿಂದೆ, ಭಾನುವಾರದೊಳಗೆ ಹೊಸ ಕೀರ್ತನೆ ಪುಸ್ತಕ ಸಿದ್ಧವಾಗಲೇಬೇಕೆಂಬ ಅವಸರ, ಕಾಗದ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿಗಳು, ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಅಲಗು ಇಳಿಯುವುದು, ಕೈಗಳು ಹೊರಗಿರಲೆಂದೇ ಆ ಏರ್ಪಾಡು, ಆದರೆ ಒಂದು ಕೈ ಬಿಡುವಾದರೆ ಕೆಲಸ ಬೇಗ ಸಾಗುತ್ತದೆಂದು ಫೋರ್ಮನ್ ಬಲಗಡೆಯ ಗುಂಡಿ ಒತ್ತಿಕೊಂಡೇ ಇರುವಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದರು, ಅವಳು ಕಣ್ಣಾರೆ ಕಂಡಿದ್ದಳು ಆ ಕಡ್ಡಿಯ ತುದಿಯ ಕೆಂಪು ಮದ್ದನ್ನು, ಕಂಡೂ ಆಮೇಲೆ ಹೇಳಿದರಾಯಿತೆಂದು ಚಹಾ ಕುಡಿಯಲು ಹೋಗಿದ್ದಳು, ಯಂತ್ರದ ಮುಂದೆ ನಿಂತಿದ್ದವನು ಅವಳ ತಮ್ಮ, ಬೆನ್ನಿಗೆ ಬಿದ್ದವನು, ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು, ಅವಳು ಓಡಿ ಬಂದಾಗ ಪಕ್ಕದ ಕಟ್ಟಿನ ಬಿಳಿ ಹಾಳೆಯ ಮೇಲೆ ಸಾಲಾಗಿ ನಾಲ್ಕು ನೆತ್ತರ ಚುಕ್ಕೆ, ಅಳತೆ ಹಿಡಿದು ಇಟ್ಟಹಾಗೆ. ತನಿಖೆಯ ವರದಿ ಅಚ್ಚಿಗೆ ಬಂದದ್ದೂ ಇದೇ ಮೇಜಿಗೆ, ಕೆಲಸಗಾರನ ಅಜಾಗರೂಕತೆಯಿಂದ, ಆ ಪದವನ್ನು ಅವಳು ಗೆರೆಯೆಳೆದು ಹೊಡೆದಿದ್ದಳು, ದೇವರಾಣೆಗೂ ಹೊಡೆದಿದ್ದಳು, ಆಗ ಬೆನ್ನ ಹಿಂದೆ ಫೋರ್ಮನ್ನರ ದನಿ, ಅಕ್ಷರ ನೋಡೋದು ನಿಮ್ಮ ಕೆಲಸ ಕಣಮ್ಮಾ, ಅರ್ಥ ನೋಡೋಕೆ ಬೇರೆಯವರಿದ್ದಾರೆ — ತಿರುಗಿದರೆ ಅದೇ ಅಂಗಿ, ತಮ್ಮನನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದ ದಿನದ ಅಂಗಿ, ಒಗೆದರೂ ಬಿಡದ ಕಂದು ಕಲೆ, ಅವಳು ಹಾಳೆಯತ್ತ ತಿರುಗಿ ಮತ್ತೆ ಪೆನ್ನೆತ್ತಿದಳು, ಹೊಡೆದ ಪದವನ್ನು ಮತ್ತೆ ಉಳಿಸಿಕೊಳ್ಳಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕೆಯಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುವುದು ಕರಡು ತಿದ್ದುವವರ ರೂಢಿ, ಒಂದು, ಎರಡು, ಮೂರು, ನಾಲ್ಕು, ಇರಲಿ.

ಕಳೆದ ಭಾನುವಾರ ಪಾದ್ರಿಗಳು ಯೇಸು ಹೇಳಿದ ಗೋಧಿಯ ಹೊಲದ ಸಾಮ್ಯದ ಕಥೆಯನ್ನೇ ಎತ್ತಿಕೊಂಡರು, ವೈರಿ ಬಿತ್ತಿಹೋದ ಕಳೆ, ಕೀಳಲು ತವಕಿಸಿದ ಆಳುಗಳು, ಕಳೆಯ ಜೊತೆ ಗೋಧಿಯೂ ಬೇರುಸಹಿತ ಬಂದೀತೆಂದು ತಡೆದ ಯಜಮಾನ, ಸುಗ್ಗಿಯಲ್ಲಿ ಕಳೆ ಬೆಂಕಿಗೆ, ಗೋಧಿ ಕಣಜಕ್ಕೆ, ಅಲ್ಲಿಯ ತನಕ ತಾಳಿಕೊಳ್ಳಿ, ನಿರೀಕ್ಷೆ ಬಿಡಬೇಡಿ ಎಂದರು, ಮುಂದಿನ ಸಾಲಿನಲ್ಲಿ ಫೋರ್ಮನ್ ತಲೆದೂಗಿದರು, ಅವಳೂ ಆಮೆನ್ ಎಂದಳು, ಹನ್ನೊಂದು ವರ್ಷದ ಆಮೆನ್, ಸುಗ್ಗಿಯ ಸುಳಿವಿಲ್ಲ, ಕುಡುಗೋಲು ಹಿಡಿದವನ ಹೆಜ್ಜೆಯ ಸದ್ದಿಲ್ಲ, ಪ್ರಾರ್ಥನೆಗೆ ಕೂತರೆ ಮೊಣಕಾಲಿಗೆ ನೋವು, ಎದೆಗೆ ಏನೂ ಇಲ್ಲ. ಕಳೆಯೇ ಆಗಿದ್ದರೆ ಎಷ್ಟು ಸಲೀಸಾಗಿತ್ತು, ಆದರೆ ಅದೇ ಮನುಷ್ಯ ಎರಡು ವರ್ಷ, ಒಂದು ಸಂಜೆಯೂ ತಪ್ಪದೆ, ಮನೆಗೆ ಬಂದು ತಮ್ಮನ ಎಡಗೈ ಹಿಡಿದು ಅಕ್ಷರ ತಿದ್ದಿಸಿದರು, ನಿಧಾನ ಕಣಪ್ಪಾ, ಕೈ ಕಲಿಯುತ್ತೆ — ಆ ದನಿಯಲ್ಲಿ ಸುಳ್ಳಿರಲಿಲ್ಲ, ಬೇರು ಬೇರಿಗೆ ಎಲ್ಲಿ ಹೆಣೆದುಕೊಂಡಿದೆಯೆಂದು ಯಾರು ಬಿಡಿಸುತ್ತಾರೆ, ಚಹಾ ಕುಡಿಯಲು ಹೋದ ಅಕ್ಕನಾದರೂ ಯಾವ ಪೈರು. ಇರಲಿ, ಕೀಳುವುದು ಬೇಡ, ಒಪ್ಪಿದೆ — ಆದರೆ ಕಳೆಯನ್ನು ಗೋಧಿಯೆಂದು ಕರೆಯಿರಿ ಎಂದು ಯಜಮಾನ ಎಲ್ಲಿ ಹೇಳಿದ, ತಾಳಿಕೊಳ್ಳುವುದೆಂದರೆ ಸುಳ್ಳಿಗೆ ಸಹಿ ಹಾಕುವುದೇ, ಗೋಡೆಯ ಗಡಿಯಾರದಲ್ಲಿ ಇನ್ನು ಹತ್ತೇ ನಿಮಿಷ, ಒಳಗೆ ಯಂತ್ರ ಆಗಲೇ ಗುರುಗುಟ್ಟುತ್ತಿದೆ, ಅವಳ ಕೈ ತಾನಾಗಿ ನಡೆಯಿತು, ‘ಅವರ’ ಎಂಬಲ್ಲಿಂದ ‘ಗಾಯವಾದದ್ದಿಲ್ಲ’ ಎಂಬಲ್ಲಿಯವರೆಗೆ ಒಂದೇ ಕೆಂಪು ಗೆರೆ, ನೇರ, ಎದೆ ಹಗುರವಾಯಿತು, ಹನ್ನೊಂದು ವರ್ಷಕ್ಕೆ ಒಂದು ಉಸಿರು.

ಅಯ್ಯೋ, ಪೂರಾ ಸಾಲೇ ಹೊಡೆದ್ರಾ, ಇಲ್ಲಿ ಇದೆಯಲ್ಲಕ್ಕಾ, ನಾನೇನು ಹೊಟ್ಟೆಯಿಂದ ಹುಟ್ಟಿಸಿ ಓದಿದ್ನಾ, ಬೇಕಾದ್ರೆ ನೀವೇ ನೋಡಿ — ಗಿಳಿ ಹಸ್ತಪ್ರತಿಯನ್ನು ಮೇಜಿನ ಮೇಲೆ ಒಗೆದಳು, ಎಡಕ್ಕೆ ವಾಲಿದ ಅಕ್ಷರಗಳು, ಒತ್ತಿ ಬರೆದು ಹಾಳೆಯ ಹಿಂದೆ ಉಬ್ಬಿದ ಅಕ್ಷರಗಳು, ಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಚೀಟಿಯಲ್ಲಿ, ಅವಳ ಹುಟ್ಟುಹಬ್ಬಕ್ಕೆ ಬರೆದ ಕಾಗದದಲ್ಲಿ ದಿನವೂ ಕಂಡ ಅಕ್ಷರಗಳು, ಯಾರಿಗೂ ಒಂದು ಗಾಯವಾದದ್ದಿಲ್ಲ, ಫೋರ್ಮನ್ ಕಲಿಸಿದ ಎಡಗೈ, ಕಣ್ಣಿಗೂ ಒಂದಿನ ರಜಾ ಕೊಡು ಅಕ್ಕಾ. ಕ್ಷಮಿಸಿ ಬರೆದನೋ, ಸೋತು ಬರೆದನೋ, ಅಕ್ಕನೇ ಅಂದು ಇರಲಿ ಎಂದ ಮೇಲೆ ತನ್ನದೇನೆಂದು ಬರೆದನೋ, ಅಕ್ಷರ ಹೇಳುವುದಿಲ್ಲ, ಹಸ್ತಪ್ರತಿಯಲ್ಲಿ ಇದ್ದದ್ದು ಅಚ್ಚಿನಲ್ಲಿ ಇರಬೇಕು, ಕಸುಬಿನ ಮೊದಲ ಪಾಠ, ಸಾಲು ಉಳಿದರೆ ಅವನ ಕೈಯನ್ನು ಎರಡನೆಯ ಸಲ ಕತ್ತರಿಸಿದಂತೆ, ಸಾಲು ಹೋದರೂ ಕತ್ತರಿಸುವುದು ಅದನ್ನು ಬರೆದ ಅವನ ಕೈಯನ್ನೇ, ಕರ್ತನೇ, ನಿನ್ನ ಸುಗ್ಗಿ ಯಾವ ಕಾಲಕ್ಕೆ — ಗಂಟೆ ಹೊಡೆಯಿತು, ಅಕ್ಕಾ, ಸಹಿ, ಕೆಂಪು ಪೆನ್ನು ಹೊಡೆದ ಸಾಲಿನ ಕೆಳಗೆ ಇಳಿಯಿತು, ಒಂದು, ಎರಡು, ಮೂರು, ಬಿಳಿ ಹಾಳೆಯ ಮೇಲೆ, ಸಾಲಾಗಿ, ನಾಲ್ಕು ಚುಕ್ಕೆ, ನಾಲ್ಕು ಚುಕ್ಕೆ